ಯುದ್ಧ ಗೆದ್ದ ಜೊತೆಗಾರರು ಯಾಕೆ ಎದುರಾಳಿಗಳಾಗುತ್ತಾರೆ? ಯಾಲ್ಟಾದಿಂದ ಧಾರವಾಡ ಕೋಟೆಯವರೆಗೆ

ಸಪ್ತಾಪುರ_ಓದುಗಿ

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ಹೋದ ವಾರ ಅಭ್ಯಾಸ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಒಂದೇ ಕಡೆ ನಿಂತು ಹೋರಾಡಿದ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಯುದ್ಧ ಮುಗಿದು ಎರಡು ವರ್ಷ ಆಗುವಷ್ಟರಲ್ಲಿ ಎದುರಾಳಿಗಳಾದದ್ದು ಯಾಕೆ ಅಂತ. ನಾನು ಎರಡು ಪುಟ ಬರೆದೆ. ತಿದ್ದಿದವರು ಕೆಂಪು ಪೆನ್ನಿನಲ್ಲಿ "ಬಂಡವಾಳಶಾಹಿ ಮತ್ತು ಕಮ್ಯುನಿಸಂ, ಈ ಸಿದ್ಧಾಂತದ ಸಂಘರ್ಷವೇ ಉತ್ತರ" ಅಂತ ಬರೆದು ಅಂಕ ಕಳೆದಿದ್ದಾರೆ.

ಅಂಕ ಹೋದರೆ ಹೋಗಲಿ. ಆದರೆ ಆ ಉತ್ತರ ನನಗೆ ಒಪ್ಪಿಗೆಯಾಗುತ್ತಿಲ್ಲ. ಸಿದ್ಧಾಂತ 1917ರಿಂದಲೂ ಬೇರೆಯೇ ಇತ್ತು ಅಲ್ವಾ? ರಷ್ಯಾದ ಕಮ್ಯುನಿಸ್ಟರ ಬೊಲ್ಶೆವಿಕ್ ಸರ್ಕಾರವನ್ನು ಹುಟ್ಟಿದಲ್ಲೇ ಮುಗಿಸಬೇಕು ಅಂತ ಹಟ ಹಿಡಿದವರಲ್ಲಿ ಬ್ರಿಟನ್ನಿನ ಚರ್ಚಿಲ್ ಮುಂದಿದ್ದರು. ಅದೇ ಚರ್ಚಿಲ್ 1941ರ ಜೂನ್ 22ರಂದು, ಹಿಟ್ಲರ್ ರಷ್ಯಾ (ಅಂದರೆ ಸೋವಿಯತ್ ಒಕ್ಕೂಟ) ಮೇಲೆ ಬಿದ್ದ ದಿನವೇ, ಸಂಜೆ ರೇಡಿಯೋದಲ್ಲಿ ಮಾತಾಡಿ ರಷ್ಯಾಗೆ ನಮ್ಮ ಕೈಲಾದ ಸಹಾಯ ಎಲ್ಲ ಕೊಡುತ್ತೇವೆ ಅಂದರು. ಸೋವಿಯತ್ ನಾಯಕ ಸ್ಟಾಲಿನ್ ಕೂಡ ಅದಕ್ಕಿಂತ ಎರಡು ವರ್ಷ ಮೊದಲು ಹಿಟ್ಲರ್ ಜೊತೆಗೇ ಒಪ್ಪಂದ ಮಾಡಿಕೊಂಡಿದ್ದವರು. ಅಂದರೆ ಸಿದ್ಧಾಂತ ಬೇರೆ ಇದ್ದರೂ ಜೊತೆ ಸೇರಬಹುದು. ಹಾಗಾದರೆ 1946ರಲ್ಲಿ ಮಾತ್ರ ಅದು ಯಾಕೆ ಅಡ್ಡ ಬಂತು?

ನನಗೆ ಅನ್ನಿಸಿದ್ದು ಇಷ್ಟು. ಈ ಮೂವರು ಒಪ್ಪಿದ್ದು ಒಂದೇ ವಿಷಯಕ್ಕೆ, ಹಿಟ್ಲರ್ ಸೋಲಬೇಕು ಅಂತ. ಅವನು ಸೋತ ಮೇಲೆ ಅವನ ಕೈಲಿದ್ದ ನೆಲದಲ್ಲಿ ಯಾರು ಇರಬೇಕು ಅನ್ನೋದನ್ನು ಪ್ರತಿ ಸಲವೂ ಮುಂದಕ್ಕೆ ಹಾಕುತ್ತಾ ಬಂದರು. ನನ್ನ ಹತ್ತಿರ ಒಂದು ಫೋಟೋ ಇದೆ. 1945ರ ಏಪ್ರಿಲ್ ಕೊನೆಯಲ್ಲಿ ಜರ್ಮನಿಯ ಎಲ್ಬೆ ನದಿಯ ಹತ್ತಿರ ಟೊರ್ಗೌ ಊರಲ್ಲಿ ಅಮೆರಿಕದ ಸೈನಿಕರೂ ರಷ್ಯಾದ ಸೈನಿಕರೂ ಮುರಿದ ಸೇತುವೆಯ ಮೇಲೆ ಕೈ ಚಾಚಿ ಹಿಡಿದುಕೊಂಡಿದ್ದಾರೆ. ಎಲ್ಲರೂ ಅದನ್ನು ಸ್ನೇಹದ ಫೋಟೋ ಅಂತಾರೆ. ನಿಜ, ಆ ಹುಡುಗರ ನಗು ಸುಳ್ಳಲ್ಲ. ಆದರೆ ಆವತ್ತಿನವರೆಗೆ ಆ ಎರಡು ಸೈನ್ಯಗಳ ನಡುವೆ ಜರ್ಮನಿ ಇತ್ತು. ಆವತ್ತಿನಿಂದ ನಡುವೆ ಯಾರೂ ಇಲ್ಲ.

ನಾನು ತಪ್ಪು ದಾರಿ ಹಿಡಿದಿದ್ದರೆ ತಿದ್ದಿ. ಸರಿ ಅನಿಸಿದರೆ ಇನ್ನಷ್ಟು ಉದಾಹರಣೆ ಕೊಡಿ.

ನಿವೃತ್ತ_ಮಾಸ್ತರ

ತಂಗಿ, ನೀನು ಹಿಡಿದ ದಾರಿ ಸರಿ ಇದೆ. ಬಿಡಬೇಡ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು. ಈ ಪ್ರಶ್ನೆಗೆ, ಆ ಮೂರು ದೇಶಗಳ ನಾಯಕರು 1945ರಲ್ಲಿ ಸಭೆ ಸೇರಿದ ಯಾಲ್ಟಾವರೆಗೆ ಹೋಗುವ ಮೊದಲು ನಿನ್ನ ರೂಮಿನಿಂದ ಆಟೋ ಹತ್ತಿ ಕೋಟೆ ಬಾಗಿಲಿಗೆ ಬಾ. ಉಳಿದಿರುವುದು ಸ್ವಲ್ಪವೇ. ಆದರೆ ನಿನ್ನ ಪ್ರಶ್ನೆಯ ಉತ್ತರದ ಒಂದು ಭಾಗ ಅಲ್ಲೇ ನಡೆದಿದೆ.

1790ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಟಿಪ್ಪುವಿನ ವಿರುದ್ಧ ಕೂಡಿದರು. ಗೆದ್ದದ್ದನ್ನು ಸಮನಾಗಿ ಹಂಚಿಕೊಳ್ಳುವುದು ಅಂತ ಕರಾರು. ಆಗ ಧಾರವಾಡ ಕೋಟೆ ಟಿಪ್ಪುವಿನ ಕೈಯಲ್ಲಿತ್ತು. ಕೋಟೆ ಕಾಯುತ್ತಿದ್ದವರು ಬದ್ರುಜ್ಜಮಾನ್ ಖಾನ್. ಮುತ್ತಿಗೆ ಹಾಕಿದ್ದು ಪರಶುರಾಮ ಭಾವು ಪಟವರ್ಧನರ ಮರಾಠಾ ಪಡೆ, ಜೊತೆಗೆ ಮುಂಬೈಯಿಂದ ಬಂದ ಕ್ಯಾಪ್ಟನ್ ಲಿಟ್ಲ್ ಅವರ ಸಣ್ಣ ಇಂಗ್ಲಿಷ್ ದಳ. 1790ರ ಸೆಪ್ಟೆಂಬರ್‌ನಿಂದ 1791ರ ಏಪ್ರಿಲ್ ಮೊದಲ ವಾರದವರೆಗೆ, ಹೆಚ್ಚು ಕಡಿಮೆ ಆರೂವರೆ ತಿಂಗಳು ನಡೆಯಿತು. ನಡುವೆ ಹೆಚ್ಚಿನ ಪಡೆ ತಂದ ಕರ್ನಲ್ ಫ್ರೆಡರಿಕ್ ಕೋಟೆ ಬೀಳುವುದನ್ನು ನೋಡದೆ ಇಲ್ಲೇ ತೀರಿಕೊಂಡರು.

ಆ ಇಂಗ್ಲಿಷ್ ದಳದಲ್ಲಿದ್ದ ಒಬ್ಬ ಅಧಿಕಾರಿ ಇಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಮರಾಠರು ತೋಪಿಗೆ ಮದ್ದು ತುಂಬುತ್ತಾರೆ, ಆಮೇಲೆ ಎಲ್ಲರೂ ಕೂತು ಹೊಗೆ ಸೇದುತ್ತಾ ಅರ್ಧ ಗಂಟೆ ಮಾತಾಡುತ್ತಾರೆ, ಆಮೇಲೆ ಒಂದು ಗುಂಡು ಹಾರಿಸುತ್ತಾರೆ, ಧೂಳು ಎದ್ದರೆ ಸಾಕು, ಮತ್ತೆ ಮಾತು. ಮಧ್ಯಾಹ್ನ ಒಂದರಿಂದ ಮೂರರ ತನಕ ಎರಡೂ ಕಡೆ ತೋಪು ಸುಮ್ನೆ ಇರುತ್ತದೆ. ಇದನ್ನು ಅವನು ಬರೆದದ್ದು ಅಸಮಾಧಾನದಿಂದ. ನನಗೆ ಮುಖ್ಯ ಅನ್ನಿಸುವುದು ಆ ಅಸಮಾಧಾನ. ಇನ್ನೂ ಗೆದ್ದೇ ಇಲ್ಲ, ಆಗಲೇ ಒಬ್ಬರು ಇನ್ನೊಬ್ಬರ ಕೆಲಸ ಲೆಕ್ಕ ಹಾಕುತ್ತಿದ್ದಾರೆ. ಇವರು ಬೇಕಂತಲೇ ತಡ ಮಾಡುತ್ತಿದ್ದಾರೆಯೇ? ನಮ್ಮ ಜನ ಸಾಯಲಿ, ಪಾಲಿಗೆ ಮಾತ್ರ ನಾವು ಬರುತ್ತೇವೆ ಅನ್ನುತ್ತಿದ್ದಾರೆಯೇ?

ಮುಂದೆ ಏನಾಯಿತು ನೋಡು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕೊಟ್ಟರು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಒಪ್ಪಿಕೊಂಡರು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟರು. ಮೂವರೂ ಪಾಲು ತಗೊಂಡರು. ಧಾರವಾಡ ಮರಾಠರಿಗೆ ಬಂತು. ಮೂರೇ ವರ್ಷ. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಸೋಲಿಸಿದರು. ನಿಜಾಮ ಸಹಾಯ ಕೇಳಿದ, ಇಂಗ್ಲಿಷರು ನಮಗೆ ಸಂಬಂಧ ಇಲ್ಲ ಅಂದರು. 1799ರಲ್ಲಿ ಟಿಪ್ಪು ಹೋದರು. 1803ರಲ್ಲಿ ಇಂಗ್ಲಿಷರು ಮರಾಠರ ಪೈಕಿ ಸಿಂಧಿಯಾ, ಭೋಸಲೆಯವರ ಮೇಲೆ ಯುದ್ಧಕ್ಕೆ ನಿಂತರು. 1817ರಲ್ಲಿ ಪೇಶ್ವೆಯ ಕೈಯಿಂದ ಧಾರವಾಡವೂ ಇಂಗ್ಲಿಷರಿಗೆ ಹೋಯಿತು. ಇದರಲ್ಲಿ ಬಂಡವಾಳಶಾಹಿಯೂ ಇಲ್ಲ, ಕಮ್ಯುನಿಸಮ್ಮೂ ಇಲ್ಲ.

ಹಾವೇರಿ_ರೈತ

ಮಾಸ್ತರೇ, ಕೋಟೆಯ ವಿಷಯ ಓದಿ ಮೈ ಜುಮ್ಮೆಂದಿತು. ನನಗೆ ಇತಿಹಾಸ ಗೊತ್ತಿಲ್ಲ. ಆದರೆ ತಂಗಿ ಕೇಳಿದ್ದು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮೂರಿಗೂ ಪಕ್ಕದೂರಿಗೂ ನಡುವೆ ಒಂದು ಕೆರೆ. ಯಾರೋ ಹೊರಗಿನವರು ಅಂಗಳದಲ್ಲಿ ಒತ್ತುವರಿ ಮಾಡಿ ಬೆಳೆ ತೆಗೆಯುತ್ತಿದ್ದರು. ಎರಡೂ ಊರಿನವರು ಸೇರಿ ಎರಡು ವರ್ಷ ಓಡಾಡಿದೆವು. ಒಂದೇ ಟ್ರ್ಯಾಕ್ಟರಿನಲ್ಲಿ ಹಾವೇರಿಗೆ ಹೋಗುತ್ತಿದ್ದೆವು, ಒಂದೇ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದೆವು. ಕಡೆಗೆ ಒತ್ತುವರಿ ತೆರವಾಯಿತು. ಜೆಸಿಬಿ ಬಂದು ಹೂಳು ತೆಗೆಯಲು ಶುರು ಮಾಡಿತು. ಆ ಹೂಳು ಹೊಲಕ್ಕೆ ಹಾಕಿದರೆ ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು. ಮೊದಲ ದಿನವೇ ಜಗಳ. ಯಾವ ಊರಿನ ಟ್ರ್ಯಾಕ್ಟರ್ ಮೊದಲು ನಿಲ್ಲಬೇಕು, ದಿನಕ್ಕೆ ಎಷ್ಟು ಲೋಡು. ಆಮೇಲೆ ತೂಬಿನ ನೀರಿನ ಪಾಳಿ. "ನಾವು ಜಾಸ್ತಿ ಓಡಾಡಿದ್ದೀವಿ" ಅಂತ ಅವರು, "ದುಡ್ಡು ಹಾಕಿದ್ದು ನಾವು" ಅಂತ ನಾವು. ಎರಡು ವರ್ಷ ಜೊತೆಗಿದ್ದಾಗ ಒಂದು ದಿನವೂ ನಾವು ಹೂಳಿನ ಮಾತು ಆಡಿರಲಿಲ್ಲ. ಆಡಿದ್ದರೆ ಒಗ್ಗಟ್ಟು ಅಲ್ಲೇ ಮುರಿಯುತ್ತಿತ್ತು ಅಂತ ಎಲ್ಲರಿಗೂ ಒಳಗೊಳಗೆ ಭಯ ಇತ್ತು.

ಆ ದೊಡ್ಡ ದೇಶಗಳೂ ಹಾಗೇ ಮಾತೇ ಆಡಲಿಲ್ಲವೇ? ಅಥವಾ ಆಡಿಯೂ ಹೀಗಾಯಿತೇ?

ಸಪ್ತಾಪುರ_ಓದುಗಿ

ಅಣ್ಣಾ, ನಿಮ್ಮ ಹೂಳಿನ ಮಾತು ನನ್ನ ಎರಡು ಪುಟಕ್ಕಿಂತ ಚೆನ್ನಾಗಿದೆ, ನಿಜವಾಗಿ ಹೇಳುತ್ತಿದ್ದೇನೆ.

ಅವರು ಮಾತಾಡಿದರು. ಆದರೆ ಹೇಗೆ ಅಂತ ಕೇಳಿ. 1944ರ ಅಕ್ಟೋಬರ್‌ನಲ್ಲಿ ಚರ್ಚಿಲ್ ಮಾಸ್ಕೋಗೆ ಹೋದರು. ರಾತ್ರಿ ಮಾತುಕತೆಯಲ್ಲಿ ಯಾವ ದೇಶದಲ್ಲಿ ಯಾರ ಪ್ರಭಾವ ಎಷ್ಟು ಅಂತ ಒಂದು ಹಾಳೆಯ ಮೇಲೆ ಬರೆದರು. ರುಮೇನಿಯಾದಲ್ಲಿ ರಷ್ಯಾಗೆ ಶೇ 90, ಗ್ರೀಸ್‌ನಲ್ಲಿ ಬ್ರಿಟನ್‌ಗೆ ಶೇ 90, ಯುಗೋಸ್ಲಾವಿಯಾ ಮತ್ತು ಹಂಗೇರಿಯಲ್ಲಿ ಅರ್ಧರ್ಧ, ಬಲ್ಗೇರಿಯಾದಲ್ಲಿ ರಷ್ಯಾಗೆ ಶೇ 75. ಆ ಹಾಳೆಯನ್ನು ಮೇಜಿನ ಆಚೆ ತಳ್ಳಿದರು. ಸ್ಟಾಲಿನ್ ನೀಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ ವಾಪಸ್ ತಳ್ಳಿದರು. ಲಕ್ಷಾಂತರ ಜನರ ಹಣೆಬರಹ ಇಷ್ಟು ಸಲೀಸಾಗಿ ಬರೆದೆವು ಅಂತ ಯಾರಾದರೂ ಅಂದುಕೊಳ್ಳಬಹುದು, ಸುಟ್ಟುಬಿಡೋಣವೇ ಅಂತ ಚರ್ಚಿಲ್ ಕೇಳಿದರು. ಬೇಡ, ನೀವೇ ಇಟ್ಟುಕೊಳ್ಳಿ ಅಂದರು ಸ್ಟಾಲಿನ್. ಇದನ್ನು ಚರ್ಚಿಲ್ ಅವರೇ ಬರೆದುಕೊಂಡಿದ್ದಾರೆ.

ಆ ಹಾಳೆಯಲ್ಲಿ ಪೋಲೆಂಡ್ ಇಲ್ಲ. ಜರ್ಮನಿಯೂ ಇಲ್ಲ. ಅತಿ ದೊಡ್ಡ ಜಗಳ ಎಲ್ಲಿತ್ತೋ ಅವೇ ಎರಡು ಇಲ್ಲ.

1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಪೋಲೆಂಡ್ ಬಗ್ಗೆ ಮಾತು ಬಂತು. ಮುಕ್ತ ಚುನಾವಣೆ ಮಾಡಿಸುತ್ತೇವೆ ಅಂತ ಮೂವರೂ ಸಹಿ ಹಾಕಿದರು. ಆದರೆ ಮುಕ್ತ ಅಂದರೆ ಏನು, ಯಾರು ನೋಡಿಕೊಳ್ಳಬೇಕು ಅಂತ ಬರೆಯಲಿಲ್ಲ. ಬರೆಯಲು ಹೋಗಿದ್ದರೆ ಸಹಿ ಬೀಳುತ್ತಿರಲಿಲ್ಲ. ಜರ್ಮನಿ ಇನ್ನೂ ಸೋತಿರಲಿಲ್ಲ, ಜಪಾನ್ ಮೇಲೆ ಯುದ್ಧಕ್ಕೆ ರಷ್ಯಾ ಬರಬೇಕು ಅಂತ ಅಮೆರಿಕಕ್ಕೆ ಆಸೆ ಇತ್ತು. ನೀವು ಹೇಳಿದ ಒಳಗಿನ ಭಯ ಅಲ್ಲೂ ಇತ್ತು ಅಣ್ಣಾ.

ಬೆಟಗೇರಿ_ಗದಗ

ಎಲ್ಲರ ಮಾತಿಗೂ ಗೌರವ ಇದೆ. ಆದರೆ ಸಿದ್ಧಾಂತವನ್ನು ಹೀಗೆ ಪೂರ್ತಿ ಹೊರಗೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಮಾಸ್ತರ ಹೇಳಿದ ಮರಾಠರ ಕಾಲಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಧಾರವಾಡ ಮರಾಠರ ಕೈಗೆ ಬಂದಾಗ ರೈತ ಕಂದಾಯ ಕಟ್ಟುವ ಕಚೇರಿ ಬದಲಾಯಿತು ಅಷ್ಟೇ. ಹೊಲ ಅವನದೇ, ಗುಡಿ ಅವನದೇ, ಸಂತೆ ಹಾಗೇ. 1945ರಲ್ಲಿ ಹಾಗಲ್ಲ. ಯುಗೋಸ್ಲಾವಿಯಾದ ಕಮ್ಯುನಿಸ್ಟ್ ನಾಯಕ ಜಿಲಾಸ್ ಅವರ ಹತ್ತಿರ ಸ್ಟಾಲಿನ್ ಆ ವರ್ಷ ಏಪ್ರಿಲ್‌ನಲ್ಲಿ ಒಂದು ಮಾತು ಹೇಳಿದರು. ಈ ಯುದ್ಧ ಹಿಂದಿನಂತಲ್ಲ, ಯಾರು ಒಂದು ನೆಲ ಹಿಡಿಯುತ್ತಾರೋ ಅವರು ತಮ್ಮ ಸಮಾಜ ವ್ಯವಸ್ಥೆಯನ್ನೂ ಅಲ್ಲಿ ಹೇರುತ್ತಾರೆ ಅಂತ. ಅಂದರೆ ಸೈನ್ಯ ನಿಂತ ಕಡೆ ಹೊಲ, ಕಾರ್ಖಾನೆ, ಪತ್ರಿಕೆ, ಶಾಲೆ ಎಲ್ಲವೂ ಬದಲಾಗುತ್ತವೆ. ಆದ್ದರಿಂದಲೇ ಒಂದೊಂದು ಊರಿನ ಜಗಳವೂ ಇಷ್ಟು ಗಟ್ಟಿಯಾಯಿತು. ತಂಗಿ, ಜಗಳ ಹುಟ್ಟಿದ್ದು ನೆಲಕ್ಕೆ ಅಂತ ನೀವು ಬರೆಯಿರಿ. ಆದರೆ ಅದು ನಲವತ್ತು ವರ್ಷ ಆರದೆ ಉರಿದದ್ದು ಸಿದ್ಧಾಂತದಿಂದ. ತಿದ್ದಿದವರು ಪೂರ್ತಿ ತಪ್ಪಲ್ಲ.

ಇನ್ನೊಂದು. ಮಾಸ್ತರೇ, ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡವನ್ನು ಮರೆತಿರಿ. 1787ರ ಏಪ್ರಿಲ್‌ನಲ್ಲಿ ಮರಾಠರೂ ಟಿಪ್ಪುವೂ ರಾಜಿ ಮಾಡಿಕೊಂಡ ಒಪ್ಪಂದಕ್ಕೆ ಆ ಊರಿನದೇ ಹೆಸರು. ಮೂರು ವರ್ಷ ಕಳೆದಿತ್ತೋ ಇಲ್ಲವೋ, ಅದೇ ಮರಾಠರು ಇಂಗ್ಲಿಷರ ಜೊತೆ ಸೇರಿ ಧಾರವಾಡಕ್ಕೆ ಮುತ್ತಿಗೆ ಹಾಕಿದರು.

ನಿವೃತ್ತ_ಮಾಸ್ತರ

ಬೆಟಗೇರಿಯವರೇ, ಗಜೇಂದ್ರಗಡ ನೆನಪಿಸಿದ್ದಕ್ಕೆ ಧನ್ಯವಾದ. ಸಿದ್ಧಾಂತದ ಮಾತನ್ನೂ ಒಪ್ಪುತ್ತೇನೆ, ಅರ್ಧ. ಬೆಂಕಿ ಜಾಸ್ತಿ ಹೊತ್ತು ಉರಿದದ್ದಕ್ಕೆ ಅದೇ ಕಾರಣ ಇರಬಹುದು. ಆದರೆ ನೆಲ ಹಿಡಿದವನೇ ಯಜಮಾನ ಅನ್ನುವ ಪದ್ಧತಿಯನ್ನು ಶುರು ಮಾಡಿದ್ದು ಸ್ಟಾಲಿನ್ ಒಬ್ಬರೇ ಅಲ್ಲ. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಯಿತು. ಅಲ್ಲಿ ಇದ್ದದ್ದು ಅಮೆರಿಕ ಮತ್ತು ಬ್ರಿಟನ್ ಸೈನ್ಯ. ಇಟಲಿಯ ಆಡಳಿತದಲ್ಲಿ ನಮಗೂ ಪಾಲು ಕೊಡಿ ಅಂತ ರಷ್ಯಾ ಕೇಳಿತು. ಸಲಹೆ ಕೊಡಲು ಒಂದು ಕುರ್ಚಿ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಮರುವರ್ಷ ರುಮೇನಿಯಾ, ಬಲ್ಗೇರಿಯಾಕ್ಕೆ ರಷ್ಯಾ ಸೈನ್ಯ ನುಗ್ಗಿದಾಗ ಅಮೆರಿಕ, ಬ್ರಿಟನ್‌ಗೆ ಅವರು ಅಂಥದೇ ಕುರ್ಚಿ ಹಾಕಿಕೊಟ್ಟರು. ಆಮೇಲೆ ಜಪಾನಿನಲ್ಲಿ ಅಮೆರಿಕ ಮತ್ತೆ ಅದನ್ನೇ ಮಾಡಿತು.

ಹುಬ್ಳಿ_ವರ್ಕ್‌ಶಾಪ್

ಈ ಚರ್ಚೆ ನಿನ್ನೆ ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮುತ್ತಜ್ಜ ಆ ಯುದ್ಧದಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದರು. ಇರಾನಿನಲ್ಲಿ. ಅಮೆರಿಕ ಯುದ್ಧದುದ್ದಕ್ಕೂ ರಷ್ಯಾಗೆ ಸಾಮಾನು ಕಳಿಸಿತು. 4 ಲಕ್ಷಕ್ಕೂ ಜಾಸ್ತಿ ಲಾರಿ ಮತ್ತು ಜೀಪು, ಹತ್ತಿರಹತ್ತಿರ 2,000 ರೈಲು ಎಂಜಿನ್, ಡಬ್ಬಿಯಲ್ಲಿ ಮಾಂಸ, ಬೂಟು, ಟಯರ್. ಎಂಜಿನ್ ಲೆಕ್ಕ ನನಗೆ ಬಾಯಿಪಾಠ, ನಮ್ಮ ಕೆಲಸವೇ ಅದು. ಅದರಲ್ಲಿ ಒಂದು ದೊಡ್ಡ ಪಾಲು ಇರಾನಿನ ಮೇಲೆ ಹೋಯಿತು. 1941ರ ಆಗಸ್ಟ್‌ನಲ್ಲಿ ದಕ್ಷಿಣದಿಂದ ಬ್ರಿಟಿಷ್ ಸೈನ್ಯ, ಅದರಲ್ಲಿ ನಮ್ಮ ಭಾರತದವರೂ, ಉತ್ತರದಿಂದ ರಷ್ಯಾದವರು ಒಳಗೆ ಬಂದು ಆ ದೇಶವನ್ನು ಹಿಡಿದಿದ್ದರು.

ಮುತ್ತಜ್ಜ ಹೇಳುತ್ತಿದ್ದದ್ದನ್ನು ನಮ್ಮ ಅಜ್ಜ ಹೀಗೆ ಹೇಳುತ್ತಿದ್ದರು. ಬೆಟ್ಟದ ರಸ್ತೆಯಲ್ಲಿ ದಿನಗಟ್ಟಲೆ ಓಡಿಸಿ ಒಂದು ಠಾಣೆಗೆ ಬರುತ್ತಿದ್ದೆವು. ಅಲ್ಲಿಂದ ಆಚೆ ರಷ್ಯಾದವರದು. ಅವರು ಬಂದು ಒಂದೊಂದು ಪೆಟ್ಟಿಗೆಯನ್ನೂ ಎಣಿಸುತ್ತಿದ್ದರು. ಚಳಿಗೆ ನಮ್ಮ ಕೈ ಮರಗಟ್ಟಿದ್ದರೆ ಬಿಸಿ ಚಹಾ ಕೊಡುತ್ತಿದ್ದರು. ಒಳ್ಳೆಯವರು. ಆದರೆ ಗೇಟಿನ ಆಚೆ ಒಂದು ಹೆಜ್ಜೆ ಇಡುವ ಹಾಗಿರಲಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ ಅವರ ಕಾವಲಿನವನು ಸುಮ್ಮನೆ ಬಂದೂಕು ಅಡ್ಡ ಹಿಡಿದನಂತೆ. ಇದು ಹಿಟ್ಲರ್ ಇನ್ನೂ ಜೀವಂತ ಇದ್ದಾಗ, ಇವರು ಅವರಿಗೆ ಊಟ ಬಟ್ಟೆ ತಂದುಕೊಡುತ್ತಿದ್ದಾಗ.

ಯುದ್ಧ ಮುಗಿದು ಆರು ತಿಂಗಳೊಳಗೆ ಇಬ್ಬರೂ ಇರಾನ್ ಬಿಡಬೇಕು ಅಂತ ಕರಾರಿತ್ತು. ಕಡೆಯ ದಿನ 1946ರ ಮಾರ್ಚ್ 2. ಬ್ರಿಟಿಷರು ಬಿಟ್ಟರು, ರಷ್ಯಾ ಬಿಡಲಿಲ್ಲ, ಮೇ ತಿಂಗಳವರೆಗೆ ಎಳೆಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂದ ಮೊಟ್ಟಮೊದಲ ದೂರುಗಳಲ್ಲಿ ಇದೂ ಒಂದು. ಮುತ್ತಜ್ಜ ಸಾಮಾನು ಇಳಿಸಿದ ನೆಲವೇ ಜಗಳದ ನೆಲ ಆಯಿತು.

ಅಮೆರಿಕದ ಕಡೆಯಿಂದಲೂ ನೋವು ಕೊಟ್ಟದ್ದಿದೆ. ಜರ್ಮನಿ ಶರಣಾಗಿ ನಾಲ್ಕೈದು ದಿನ ಆಗಿರಲಿಲ್ಲ, ರಷ್ಯಾಗೆ ಹೋಗುವ ಸಾಮಾನು ಏಕಾಏಕಿ ನಿಲ್ಲಿಸಿದರು. ಸಮುದ್ರದ ಮೇಲಿದ್ದ ಹಡಗುಗಳಿಗೂ ತಿರುಗಿ ಬನ್ನಿ ಅಂತ ಹೇಳಿದರು. ಆಮೇಲೆ ತಪ್ಪಾಯಿತು ಅಂತ ಮತ್ತೆ ಶುರು ಮಾಡಿದರು. ಆದರೆ ಅಷ್ಟರಲ್ಲಿ ಸ್ಟಾಲಿನ್ ಮನಸ್ಸಿನಲ್ಲಿ ಅದು ಕೂತುಬಿಟ್ಟಿತ್ತು.

ಬೆಟಗೇರಿ_ಗದಗ

ಅಣ್ಣಾ, ಓದಿ ಕಣ್ಣು ತುಂಬಿತು. ಆ ಗೇಟಿನ ಮಾತನ್ನು ಎಲ್ಲಾದರೂ ಬರೆದಿಡಿ, ಬರೀ ಬಾಯಿಮಾತಿನಲ್ಲಿ ಕಳೆದುಹೋಗಬಾರದು.

ನೋವಿನ ಲೆಕ್ಕ ಅಂದರೆ ಎರಡನೇ ರಣರಂಗದ ಮಾತನ್ನೂ ಹೇಳಲೇಬೇಕು. ಪಶ್ಚಿಮದ ಕಡೆಯಿಂದ ನೀವೂ ಸೈನ್ಯ ಇಳಿಸಿ, ಜರ್ಮನಿ ನಮ್ಮ ಮೇಲಿನ ಹಿಡಿತ ಸಡಿಲಿಸಲಿ ಅಂತ ಸ್ಟಾಲಿನ್ 1941ರಿಂದಲೇ ಕೇಳುತ್ತಿದ್ದರು. 1942ರಲ್ಲಿ ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಖುದ್ದು ಲಂಡನ್‌ಗೂ ವಾಷಿಂಗ್ಟನ್‌ಗೂ ಹೋದರು. ಆ ವರ್ಷ ಅವರು ಇಳಿದದ್ದು ಉತ್ತರ ಆಫ್ರಿಕಾದಲ್ಲಿ, ಮರುವರ್ಷ ಸಿಸಿಲಿಯಲ್ಲಿ, ನಾರ್ಮಂಡಿಯಲ್ಲಿ ಇಳಿದದ್ದು 1944ರ ಜೂನ್ 6ಕ್ಕೆ. ಅವರಿಗೂ ಕಾರಣ ಇತ್ತು. ದೋಣಿ ಸಾಲದು, ತಯಾರಿ ಸಾಲದು, ಹೋಗಿ ಸೋತರೆ ಇನ್ನೂ ಕಷ್ಟ. ಆದರೆ ಆ ಯುದ್ಧದಲ್ಲಿ ಸೋವಿಯತ್ ಒಕ್ಕೂಟ ಕಳೆದುಕೊಂಡದ್ದು ಸುಮಾರು 2 ಕೋಟಿ 70 ಲಕ್ಷ ಜನ. ಅಮೆರಿಕ ಸುಮಾರು 4 ಲಕ್ಷ. ಮನೆ ಮನೆಯಲ್ಲಿ ಸಾವು ಕಂಡ ಜನಕ್ಕೆ ಈ ತಡ ಹೇಗೆ ಕಂಡಿರಬೇಡ? ಮಾಸ್ತರ ಹೇಳಿದ ತೋಪಿನ ಕಥೆಯೇ ಇದು. ನಾವು ಸಾಯುತ್ತಿದ್ದೇವೆ, ಇವರು ಕೂತಿದ್ದಾರೆ.

ಉಣಕಲ್_ಹುಡುಗ

ನನ್ನದೊಂದು ಪ್ರಶ್ನೆ. ಅಮೆರಿಕ ಮತ್ತು ಬ್ರಿಟನ್ ಕೂಡ ಜೊತೆಗಾರರೇ ಆಗಿದ್ದರಲ್ಲ, ಅವರು ಯಾಕೆ ಜಗಳ ಮಾಡಲಿಲ್ಲ? ನೀವು ಹೇಳುವ ಪ್ರಕಾರ ಶತ್ರು ಹೋದ ಮೇಲೆ ಎಲ್ಲರೂ ಬೇರೆಯಾಗಬೇಕು. ಅವರು ಆಗಲಿಲ್ಲ. ಹಾಗಾದರೆ ಈ ವಾದ ನಿಲ್ಲುತ್ತದೆಯೇ?

ಸಪ್ತಾಪುರ_ಓದುಗಿ

ಒಳ್ಳೆಯ ಪ್ರಶ್ನೆ ತಮ್ಮಾ. ಎರಡು ದಿನ ಯೋಚನೆ ಮಾಡಿದೆ.

ಅವರ ನಡುವೆಯೂ ತಿಕ್ಕಾಟ ಇತ್ತು, ಕಡಿಮೆ ಏನಲ್ಲ. ಯುದ್ಧದಲ್ಲಿ ಬ್ರಿಟನ್ ಖಜಾನೆ ಬರಿದಾಯಿತು. 1945ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ತಗೊಂಡರು, ಶೇ 2 ಬಡ್ಡಿ, ಜೊತೆಗೆ ಪೌಂಡನ್ನು ಡಾಲರಿಗೆ ಬದಲಾಯಿಸಿಕೊಳ್ಳಲು ಬಿಡಬೇಕು ಅನ್ನುವ ಷರತ್ತು. ಆ ಸಾಲದ ಕಡೆಯ ಕಂತು ಕಟ್ಟಿದ್ದು 2006ರಲ್ಲಿ! ಅಣುಬಾಂಬಿನ ಕೆಲಸದಲ್ಲಿ ಬ್ರಿಟಿಷ್ ವಿಜ್ಞಾನಿಗಳೂ ಜೊತೆಗಿದ್ದರು. ಆದರೂ 1946ರಲ್ಲಿ ಅಮೆರಿಕ ಕಾನೂನು ಮಾಡಿ ಅವರಿಗೆ ಬಾಗಿಲು ಹಾಕಿತು. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ನುಗ್ಗಿದ ಬ್ರಿಟನ್ ಅಲ್ಲಿಂದ ಹಿಂದೆ ಬಂದದ್ದೂ ಅಮೆರಿಕದ ಒತ್ತಡಕ್ಕೇ.

ಅಂದರೆ ಅಲ್ಲೂ ಪಾಲಿನ ಜಗಳ ಇತ್ತು. ಆದರೆ ಒಬ್ಬರು ಎದುರು ನಿಲ್ಲುವ ಶಕ್ತಿ ಕಳೆದುಕೊಂಡಿದ್ದರು, ಇಬ್ಬರ ಸೈನ್ಯ ಎದುರೆದುರು ನಿಂತ ಗಡಿ ಎಲ್ಲೂ ಇರಲಿಲ್ಲ, ಮತ್ತು ಇಬ್ಬರಿಗೂ ರಷ್ಯಾದ ಭಯ ಇತ್ತು. 1947ರ ಫೆಬ್ರವರಿಯಲ್ಲಿ ಗ್ರೀಸ್‌ಗೆ ಸಹಾಯ ಮಾಡಲು ನಮ್ಮಿಂದ ಇನ್ನು ಆಗದು ಅಂತ ಬ್ರಿಟನ್ ಹೇಳಿದ ತಿಂಗಳೊಳಗೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಗ್ರೀಸ್, ಟರ್ಕಿಗೆ 40 ಕೋಟಿ ಡಾಲರ್ ಕೇಳಿ ಸಂಸತ್ತಿನ ಮುಂದೆ ನಿಂತರು. ನಿಮ್ಮ ಪ್ರಶ್ನೆಯಿಂದ ನನ್ನ ವಾದ ಸ್ವಲ್ಪ ಬದಲಾಯಿತು. ಶತ್ರು ಹೋದರೆ ಸಾಲದು, ಉಳಿದ ಇಬ್ಬರೂ ಒಬ್ಬರಿಗೊಬ್ಬರು ಸಾಕಷ್ಟು ದೊಡ್ಡವರಾಗಿರಬೇಕು.

ನಿವೃತ್ತ_ಮಾಸ್ತರ

ಇದಕ್ಕೆ ಇನ್ನೂ ಎರಡು ಸೇರಿಸುತ್ತೇನೆ.

ಒಂದು 1913. ಬಲ್ಗೇರಿಯಾ, ಸರ್ಬಿಯಾ, ಗ್ರೀಸ್, ಮಾಂಟೆನೆಗ್ರೊ ಸೇರಿ ತುರ್ಕರನ್ನು ಸೋಲಿಸಿದವು. ಮೇ 30ಕ್ಕೆ ಲಂಡನ್ನಿನಲ್ಲಿ ಒಪ್ಪಂದ. ಒಂದು ತಿಂಗಳು ತುಂಬುವ ಮೊದಲೇ ಮ್ಯಾಸಿಡೋನಿಯಾದ ಪಾಲಿಗಾಗಿ ಬಲ್ಗೇರಿಯಾ ತನ್ನ ಜೊತೆಗಾರರ ಮೇಲೆಯೇ ಬಿತ್ತು. ಇವು ದೊಡ್ಡ ದೇಶಗಳಲ್ಲ, ಆದರೆ ಇಷ್ಟು ಬೇಗ ಮುರಿದ ಸ್ನೇಹ ಇನ್ನೊಂದು ಸಿಗುವುದು ಕಷ್ಟ.

ಇನ್ನೊಂದು 1815. ನೆಪೋಲಿಯನ್ ಸೋತು ಎಲ್ಬಾ ದ್ವೀಪಕ್ಕೆ ಹೋದ. ಗೆದ್ದವರು ವಿಯೆನ್ನಾದಲ್ಲಿ ಸೇರಿದರು. ರಷ್ಯಾಗೆ ಪೋಲೆಂಡ್ ಬೇಕು, ಪ್ರಷ್ಯಾಗೆ ಸ್ಯಾಕ್ಸನಿ ಬೇಕು. ಜಗಳ ಎಷ್ಟು ಬಿಸಿಯಾಯಿತು ಅಂದರೆ ಜನವರಿ 3ರಂದು ಬ್ರಿಟನ್ ಮತ್ತು ಆಸ್ಟ್ರಿಯಾ ನಿನ್ನೆಯ ಶತ್ರು ಫ್ರಾನ್ಸ್ ಜೊತೆಗೆ ಸೇರಿ ರಷ್ಯಾ, ಪ್ರಷ್ಯಾ ವಿರುದ್ಧ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ಆದರೆ ಇಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಬಂದರು. ಸ್ಯಾಕ್ಸನಿಯಲ್ಲಿ ಒಂದು ಭಾಗ ಮಾತ್ರ ಪ್ರಷ್ಯಾಗೆ ಹೋಯಿತು. 1818ರಲ್ಲಿ ಫ್ರಾನ್ಸನ್ನೂ ಸಭೆಗೆ ಸೇರಿಸಿಕೊಂಡರು. ಆ ದೊಡ್ಡ ದೇಶಗಳು ಮತ್ತೆ ಒಬ್ಬರ ಮೇಲೊಬ್ಬರು ಯುದ್ಧಕ್ಕೆ ನಿಂತದ್ದು 1850ರ ದಶಕದಲ್ಲಿ, ಕ್ರಿಮಿಯಾದಲ್ಲಿ. ಹತ್ತಿರಹತ್ತಿರ ನಲವತ್ತು ವರ್ಷ. ಆದ್ದರಿಂದ ಜೊತೆಗಾರರು ಜಗಳವಾಡಲೇಬೇಕು ಅಂತ ಹಣೆಯಲ್ಲಿ ಬರೆದಿಲ್ಲ ತಂಗಿ. ನಿನ್ನ ಉತ್ತರದಲ್ಲಿ ಇದಕ್ಕೂ ಜಾಗ ಇಡು.

ಹಾವೇರಿ_ರೈತ

ಮಾಸ್ತರೇ, ನಮ್ಮ ಕೆರೆಯ ಜಗಳ ಹೇಗೆ ಮುಗಿಯಿತು ಅಂದರೆ ಮೇಲಿನವರು ಬಂದು ಪಾಳಿ ಬರೆದುಕೊಟ್ಟರು. ಸೋಮವಾರ, ಬುಧವಾರ, ಶುಕ್ರವಾರ ಅವರದು, ಉಳಿದದ್ದು ನಮ್ಮದು. ಮೀರಿದರೆ ದಂಡ. ಈ ದೊಡ್ಡ ದೇಶಗಳ ಮೇಲೆ ಯಾರಿದ್ದಾರೆ?

ಹುಬ್ಳಿ_ವರ್ಕ್‌ಶಾಪ್

ಯಾರೂ ಇಲ್ಲ ಅಣ್ಣಾ. ವಿಶ್ವಸಂಸ್ಥೆ ಮಾಡಿದರು. ಆದರೆ ಯಾಲ್ಟಾದಲ್ಲೇ ಕೂತು ದೊಡ್ಡವರ ಕೈಗೆ ವೀಟೊ ಕೊಟ್ಟರು. ಐದು ಕಾಯಂ ಕುರ್ಚಿ, ಒಬ್ಬರು ಬೇಡ ಅಂದರೆ ನಿರ್ಣಯ ಬಿತ್ತು. ನಿಮ್ಮ ಎರಡೂ ಊರಿನವರೇ ಪಂಚರಾಗಿ ಕೂತ ಹಾಗೆ. ಮೇಲೆ ಅಣುಬಾಂಬು ಬೇರೆ. 1945ರ ಜುಲೈ 24ರಂದು ಜರ್ಮನಿಯ ಪೋಟ್ಸ್‌ಡಾಮ್‌ನಲ್ಲಿ ನಡೆದ ಸಭೆಯಲ್ಲಿ ಟ್ರೂಮನ್ ಸ್ಟಾಲಿನ್ ಹತ್ತಿರ ಬಂದು ನಮ್ಮಲ್ಲಿ ಒಂದು ಭಾರಿ ಅಸ್ತ್ರ ಇದೆ ಅಂತಷ್ಟೇ ಹೇಳಿದರು, ಅದು ಏನು ಅಂತ ಹೇಳಲಿಲ್ಲ. ಸ್ಟಾಲಿನ್ ಅಚ್ಚರಿ ತೋರಿಸಲಿಲ್ಲ. ಬೇಹುಗಾರರಿಂದ ಅವರಿಗೆ ಮೊದಲೇ ಗೊತ್ತಿತ್ತು. ಜೊತೆಗಾರರಾಗಿ ಕೂತ ಆ ಕೋಣೆಯಲ್ಲಿ ಒಬ್ಬರು ಮುಚ್ಚಿಟ್ಟಿದ್ದಾರೆ, ಇನ್ನೊಬ್ಬರು ಕದ್ದು ತಿಳಿದುಕೊಂಡಿದ್ದಾರೆ.

ಬೆಟಗೇರಿ_ಗದಗ

ಆಸ್ಟ್ರಿಯಾ ಬಗ್ಗೆ ಯಾರೂ ಹೇಳಲಿಲ್ಲ. ಜರ್ಮನಿಯಂತೆಯೇ ಅದನ್ನೂ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ನಾಲ್ಕು ಪಾಲು ಮಾಡಿದ್ದರು, ವಿಯೆನ್ನಾ ಊರನ್ನೂ ಸೇರಿಸಿ. ಆದರೆ 1955ರ ಮೇ 15ರಂದು ನಾಲ್ವರೂ ಸಹಿ ಹಾಕಿ ಅಲ್ಲಿಂದ ಎದ್ದು ಹೋದರು. ಆಸ್ಟ್ರಿಯಾ ಯಾರ ಕಡೆಯೂ ಸೇರುವುದಿಲ್ಲ ಅಂತ ಮಾತು ಕೊಟ್ಟಿತು. ಸಿದ್ಧಾಂತ ಹಾಗೇ ಇತ್ತು, ದ್ವೇಷ ಹಾಗೇ ಇತ್ತು, ಅದೇ ತಿಂಗಳು ಪಶ್ಚಿಮ ಜರ್ಮನಿ ಅಮೆರಿಕದ ಕಡೆಯ ಸೇನಾ ಕೂಟ ನ್ಯಾಟೊ ಸೇರಿತು, ರಷ್ಯಾ ಕಡೆಯ ಸೇನಾ ಕೂಟ ವಾರ್ಸಾ ಒಪ್ಪಂದ ಹುಟ್ಟಿತು. ಆದರೂ ಒಂದು ನೆಲವನ್ನು ಇಬ್ಬರೂ ಬಿಟ್ಟರು. ಸಿದ್ಧಾಂತದ ಪರ ವಾದ ಮಾಡಿದ ನಾನೇ ಇದನ್ನು ಹೇಳುತ್ತಿದ್ದೇನೆ, ಯಾಕೆಂದರೆ ಇದು ನನ್ನ ಮಾತಿಗೆ ವಿರುದ್ಧ ಹೋಗುತ್ತದೆ.

ಸಪ್ತಾಪುರ_ಓದುಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ಉತ್ತರವನ್ನು ಮೊದಲಿಂದ ಬರೆಯುತ್ತಿದ್ದೇನೆ. ಆಸ್ಟ್ರಿಯಾ, 1815, ಬ್ರಿಟನ್ ಸಾಲ ಎಲ್ಲ ಹಾಕುತ್ತೇನೆ.

ಬರೆಯುವಾಗ ಒಂದು ವಿಷಯ ಚುಚ್ಚಿತು. ಬ್ರಿಟನ್ 1939ರಲ್ಲಿ ಯುದ್ಧಕ್ಕೆ ಇಳಿದದ್ದೇ ಪೋಲೆಂಡ್‌ಗಾಗಿ. ಪೋಲೆಂಡಿನ ಸೈನಿಕರು ಇಟಲಿಯ ಮೊಂಟೆ ಕಸಿನೊದಲ್ಲಿ ಬೆಟ್ಟ ಹತ್ತಿ ಸತ್ತರು, ಅವರ ವಿಮಾನ ಚಾಲಕರು ಲಂಡನ್ ಆಕಾಶ ಕಾಯ್ದರು. 1946ರ ಜೂನ್ 8ರಂದು ಲಂಡನ್ನಿನಲ್ಲಿ ಗೆಲುವಿನ ಮೆರವಣಿಗೆ ಆಯಿತು. ಬ್ರಿಟನ್ ಅಷ್ಟರಲ್ಲಿ ಮಾಸ್ಕೋ ಕೂರಿಸಿದ ಪೋಲಿಷ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತ್ತು. ಆದ್ದರಿಂದ ತಮ್ಮ ಜೊತೆ ಹೋರಾಡಿದ ಆ ಪೋಲಿಷ್ ಸೈನ್ಯವನ್ನು ಮೆರವಣಿಗೆಗೆ ಕರೆಯಲಿಲ್ಲ. ಕೆಲವು ವಿಮಾನ ಚಾಲಕರನ್ನು ಮಾತ್ರ ಕರೆದರು, ಉಳಿದವರಿಲ್ಲದೆ ನಾವು ಬರುವುದಿಲ್ಲ ಅಂತ ಅವರೂ ಹೋಗಲಿಲ್ಲ.

ನಾವು ಇಷ್ಟು ದಿನ ಮಾತಾಡಿದ್ದು ದೊಡ್ಡವರ ಬಗ್ಗೆಯೇ. ಮಾಸ್ತರೇ, ಧಾರವಾಡದ ಮುತ್ತಿಗೆಯಲ್ಲಿ ಊರಿನ ಜನಕ್ಕೆ ಏನಾಯಿತು?

ನಿವೃತ್ತ_ಮಾಸ್ತರ

ಕೋಟೆಗಿಂತ ಮೊದಲು ಪೇಟೆ ಬಿತ್ತು ತಂಗಿ. ಗೆದ್ದವರು ಪೇಟೆಯನ್ನು ಲೂಟಿ ಮಾಡಿದರು, ಬೆಂಕಿ ಹಚ್ಚಿದರು. ಕಡೆಗೆ ಕೋಟೆಯವರು ಮಾನವಾಗಿ ಹೊರಗೆ ಹೋಗಲು ಬಿಡುತ್ತೇವೆ ಅಂತ ಮಾತು ಪಡೆದು ಬಾಗಿಲು ತೆರೆದರು. ದಾರಿಯಲ್ಲಿ ಅವರ ಮೇಲೆ ಬಿದ್ದರು. ಬದ್ರುಜ್ಜಮಾನ್ ಖಾನರು ಗಾಯಗೊಂಡು ಸೆರೆಯಾದರು. ಅವರ ಹೆಸರಾದರೂ ಉಳಿಯಿತು. ಪೇಟೆಯಲ್ಲಿ ಅಂಗಡಿ ಇಟ್ಟಿದ್ದವರ, ನೇಯುತ್ತಿದ್ದವರ ಒಂದು ಹೆಸರೂ ನನಗೆ ಈವರೆಗೆ ಯಾವ ಕಾಗದದಲ್ಲೂ ಸಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಕೋಟೆ ಬಾಗಿಲ ಹತ್ತಿರ ಇರುತ್ತೇನೆ. ಬರುವವರು ಬನ್ನಿ. ಹಾವೇರಿಯವರು ಬರುವುದಾದರೆ ತಿಳಿಸಿ, ಎಂಟರವರೆಗೆ ಕಾಯುತ್ತೇವೆ.

ಹಾವೇರಿ_ರೈತ

ಬರುತ್ತೇನೆ ಮಾಸ್ತರೇ. ಪಕ್ಕದೂರಿನ ಗೆಳೆಯನೂ ಬರುತ್ತಾನಂತೆ. ಕೆರೆ ಜಗಳ ಆದ ಮೇಲೆ ನಾವಿಬ್ಬರೂ ಒಂದೇ ಗಾಡಿಯಲ್ಲಿ ಹೋಗಿರಲಿಲ್ಲ.